ಜೀಪಿನಲ್ಲಿ ಬರುತ್ತಿದ್ದ ಮೈಕಿನವ

ಮನೆಮನೆಗೆ ಟಿ.ವಿ. ಬರುವ ಮೊದಲು ಕೃಷ್ಣಾ ದಂಡೆಯ ನಮ್ಮ ಯಡೂರಿಗೆ ಜಾಹೀರಾತೆಂದರೆ ಜೀಪಿನ ಮೈಕಿನವ. ಎಡಗಿವಿಗೆ ಅಂಗೈ ಒತ್ತಿಕೊಂಡು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಕೂಗುತ್ತಿದ್ದ. ಹೊಸ ಸಿನಿಮಾ ಇರಲಿ, ಎಮ್ಮೆಯ ಹಾಲು ಹೆಚ್ಚಿಸುವ ಟಾನಿಕ್ ಇರಲಿ, ಅವನ ಮಾತು ಒಂದೇ: "ಓಡಿ ಬರ್ರಿ, ತಡಾ ಮಾಡಿದ್ರ ಕೆಟ್ರಿ!"

ನಾವು ಓಡುತ್ತಿದ್ದೆವು. ಪಕ್ಕದ ಮನೆಯ ಕಾಕು ಆ ಟಾನಿಕ್ಕನ್ನು ತನ್ನ ಒಂದೇ ಎಮ್ಮೆಗೆ ತಿಂಗಳುಗಟ್ಟಲೆ ಕುಡಿಸಿದಳು. ಹಾಲು ಹೆಚ್ಚಲಿಲ್ಲ. ಕೇಳಿದರೆ ಅವನು ನಕ್ಕ: "ನಾ ಬರೇ ಹೇಳಾಂವರಿ ಕಾಕು, ಮಾಡಾಂವ ಅಲ್ಲ."

ಒಂದು ಮಳೆಗಾಲ ಕೃಷ್ಣೆ ಏರಿದಾಗ ಪಂಚಾಯಿತಿಯವರು ಅವನನ್ನೇ ಕಳಿಸಿದರು. "ದನಾ ಬಿಚ್ಚಿ ಓಡ್ರಿ, ತಡಾ ಮಾಡಿದ್ರ ಕೆಟ್ರಿ!"

ಕಾಕು ರೊಟ್ಟಿ ಬಡಿಯುತ್ತಲೇ ಅಂದಳು, "ಇವತ್ತೇನ ಮಾರಾಕ ಬಂದೀಯೋ ಬಾಡ್ಯಾ?"

ಓಣಿಯೆಲ್ಲ ನಕ್ಕಿತು. ಅವನು ಮೈಕು ಬಿಟ್ಟು ಇಳಿದು ಬಂದು ಕೈಮುಗಿದ. "ಖರೇನ ನೀರ ಬಂದೈತ್ರಿ." ಅದೂ ಹೊಸ ಆಟವೆಂದುಕೊಂಡೆವು.

ಕೊನೆಗೆ ನೀರು ಓಣಿಗೆ ನುಗ್ಗಿ ನಾವು ಬರಿಗೈಯಲ್ಲಿ ದಿಬ್ಬ ಹತ್ತಿದಾಗ, ಗೂಟಕ್ಕೆ ಕಟ್ಟಿದ್ದ ಕಾಕುವಿನ ಎಮ್ಮೆ ಮುಳುಗಿತ್ತು. ಅವನೂ ಅಲ್ಲೇ ನೆನೆಯುತ್ತ ನಿಂತಿದ್ದ. ಕಾಕು ಬೈಯಲಿಲ್ಲ.

"ಮಾರಾಕ ಒಂದ ದನಿ, ಜೀವಾ ಉಳಸಾಕ ಒಂದ ದನಿ ಬ್ಯಾರೆ ಇಟ್ಕೋಬೇಕಿತ್ತಲ್ಲೋ ತಮ್ಮಾ" ಅಂದಳು.