ಉಪ್ಪುಕಾಗದದ ಅಕ್ಷರಗಳು

ನನ್ನದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ನಕಲು ಮಾಡಿಕೊಡುವುದು. ಸ್ವಂತ ಬುದ್ಧಿ ಎಳ್ಳಷ್ಟೂ ಬೇಡದ ಈ ಕೆಲಸಕ್ಕೆ ನಿನ್ನಂಥವನು ಇನ್ನೊಬ್ಬ ಸಿಗಲಾರ ಎಂದು ಮಾಲೀಕರೇ ಹೊಗಳಿದ್ದಾರೆ. ಹೀಗಾಗಿ ಅಕ್ಕ ಉಪ್ಪುಕಾಗದದ ಮೇಲೆ ದಪ್ಪ ಅಕ್ಷರಗಳನ್ನು ಬರೆದು, "ಗೆರೆ ಮೇಲೇ ಕತ್ತರಿಸು, ನಿನ್ನ ತಲೆ ಓಡಿಸಬೇಡ" ಎಂದಾಗ ನನಗೆ ಅವಮಾನವೇನೂ ಆಗಲಿಲ್ಲ.

ಅಕ್ಕ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್. ಮೂರು-ನಾಲ್ಕು ವರ್ಷದ ಆ ಮಕ್ಕಳಿಗೆ ಪೆನ್ಸಿಲ್ ಹಿಡಿಯುವುದೆಂದರೆ ನನಗೆ ಬೆಳಿಗ್ಗೆ ಏಳುವುದಿದ್ದ ಹಾಗೆ, ಮನಸ್ಸಿದ್ದರೂ ಮೈ ಕೇಳುವುದಿಲ್ಲ. ಅದಕ್ಕೇ ಅವಳು ಮೊದಲು ಬೆರಳುಗಳನ್ನು ಹದ ಮಾಡುತ್ತಾಳೆ. ಕಲಸಿದ ಹಿಟ್ಟನ್ನು ಹಗ್ಗದಂತೆ ಹೊಸೆದು ರ ಅಕ್ಷರ ಮಾಡಿಸುತ್ತಾಳೆ. ರಟ್ಟಿನ ಠ ಸುತ್ತ ಬಟ್ಟೆ ಕ್ಲಿಪ್ಪು ಸಿಕ್ಕಿಸಲು ಹೇಳುತ್ತಾಳೆ. ಹಳೆಯ ಪೇಪರನ್ನು ಚೂರುಚೂರು ಹರಿದು ಗ ಮೇಲೆ ಅಂಟಿಸುವಾಗ ಗೋಂದು ಹೆಚ್ಚಾಗಿ ಮೂಗಿಗೇ ಅಂಟುತ್ತದೆ. ಇದೆಲ್ಲ ಆದಮೇಲೆ ಉಪ್ಪುಕಾಗದದ ಅಕ್ಷರಗಳು. ಬಡಗಿಗಳು ಮರ ಉಜ್ಜುವ ಕಾಗದವನ್ನು ನಾನು ಅಕ್ಷರದಾಕಾರಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸಿಕೊಡುತ್ತೇನೆ. ಅದರ ಅಂಚಿನುದ್ದಕ್ಕೂ ಮಗು ಎರಡು ಬೆರಳು ಸವರಿಕೊಂಡು ಹೋಗಬೇಕು. ಅಕ್ಕ ಹಿಂದೆ ನಿಂತು ಮಗುವಿನ ಕೈ ಮೇಲೆ ತನ್ನ ಕೈ ಇಟ್ಟು ದಾರಿ ತೋರಿಸುತ್ತಾಳೆ.

ಅಮ್ಮ ತೀರಿಕೊಂಡಾಗ ನಾನು ಅದೇ ವಯಸ್ಸಿನವನು. ಶರ್ಟಿನ ಗುಂಡಿ ಹಾಕುವುದನ್ನು, ಚಪ್ಪಲಿಯ ಬಕಲ್ ಬಿಗಿಯುವುದನ್ನು ಅಕ್ಕನೇ ಕಲಿಸಿದಳು. ಅವಳ ಮೊದಲ ವಿದ್ಯಾರ್ಥಿ ಹೀಗೆ ತಯಾರಾದದ್ದನ್ನು ಕಣ್ಣಾರೆ ನೋಡಿಯೂ ಕೆಲಸ ಕೊಟ್ಟರಲ್ಲ, ಅದು ಆ ಶಾಲೆಯವರ ದೊಡ್ಡತನ.

ಒಂದು ದಿನ ಅಕ್ಕ ಮನೆಗೆ ಬಂದವಳೇ ಚೀಲ ಕುಕ್ಕಿದಳು. ಎಲ್ಲಾ ಮಕ್ಕಳ ರ ಬಲಗಡೆ ತಿರುಗುವಲ್ಲಿ ಒಂದೇ ಥರ ಯಾಕೆ ಅಂಕುಡೊಂಕಾಗುತ್ತಿದೆಯೆಂದು ಶಾಲೆಯ ಮೇಡಂ ಕೇಳಿದರಂತೆ.

"ನೀನೇನಂದೆ?"

"ನಮ್ಮ ತಮ್ಮನ ಕತ್ತರಿಗೆ ನೆಟ್ಟಗೆ ಹೋಗಿ ಅಭ್ಯಾಸ ಇಲ್ಲ ಅಂದೆ."

ನನಗೂ ಹೌದೆನ್ನಿಸಿತು. ಹೊಸ ಕತ್ತರಿ ತಂದು, ಉಸಿರು ಬಿಗಿಹಿಡಿದು, ಅಕ್ಕ ಹೊಸದಾಗಿ ಬರೆದುಕೊಟ್ಟ ಎಲ್ಲವನ್ನೂ ಮತ್ತೆ ಕತ್ತರಿಸಿದೆ. ರ ಮತ್ತೆ ಅಲ್ಲೇ ಅಂಕುಡೊಂಕಾಯಿತು. ಕತ್ತರಿಸಿ ಉಳಿದ ಚೂರುಗಳನ್ನು ಗುಡಿಸುವಾಗ ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಅಕ್ಕನ ಪೆನ್ಸಿಲ್ ಗೆರೆ ಇನ್ನೂ ಉಳಿದಿತ್ತು. ನಾನು ಗೆರೆ ತಪ್ಪಿರಲಿಲ್ಲ. ಗೆರೆಯೇ ನಡುಗಿತ್ತು.

"ಬಸ್ಸಲ್ಲಿ ಕೂತು ಬರೆದ್ಯೇನೇ ಇದನ್ನ?" ಎಂದೆ.

ಅವಳು ನಗಲಿಲ್ಲ. ಆ ಚೂರನ್ನು ನನ್ನ ಕೈಯಿಂದ ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದಳು.

ನಮ್ಮ ಅಪ್ಪ ದರ್ಜಿಯಾಗಿದ್ದರು. ಸೂಜಿಗೆ ದಾರ ಪೋಣಿಸಲು ನಮ್ಮನ್ನು ಕರೆಯತೊಡಗಿದಾಗ ಕಣ್ಣು ಮಂಜು ಎನ್ನುತ್ತಿದ್ದರು. ಆಮೇಲೆ ಹೊಲಿಗೆ ಸೊಟ್ಟಗಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಎದುರು ಅಂಗಡಿಗೆ ಹೋದರು. ಕೊನೆಕೊನೆಗೆ ಲೋಟ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಚಹಾ ಎದೆಯ ಮೇಲಿರುತ್ತಿತ್ತು. ಅವರಿಗೆ ಊಟ ಮಾಡಿಸುತ್ತಿದ್ದವಳು ಅಕ್ಕ. ಆ ಗೆರೆಯ ನಡುಕ ಏನೆಂದು ನನಗಿಂತ ಮೊದಲೇ ಅವಳಿಗೆ ಗೊತ್ತಿತ್ತು. ಆದರೂ ನಾವಿಬ್ಬರೂ ಕತ್ತರಿಯನ್ನೇ ಬೈದುಕೊಂಡು ದಿನ ದೂಡಿದೆವು.

ಅಪ್ಪ-ಅಮ್ಮಂದಿರು ಮಕ್ಕಳ ಕಲಿಕೆ ನೋಡಲು ಬರುವ ದಿನ ನಾನೂ ಹೋಗಿದ್ದೆ. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಒಣಗಲು ಹಾಕಿದ ಕೊಡೆಯ ಹಾಗೆ ಕೂತಿದ್ದೆ. ಪಟಾಕಿ ಎಂದು ಎಲ್ಲರೂ ಕರೆಯುವ ಪುಟಾಣಿ ಮೊದಲು ಎದ್ದುಬಂದಳು. ಸೀಮೆಸುಣ್ಣ ಹಿಡಿದಳು. ಬರೆಯುವ ಮೊದಲು ಮಣಿಕಟ್ಟನ್ನು ಗಡಗಡ ಅಲ್ಲಾಡಿಸಿದಳು. ಆಮೇಲೆ ಹಲಗೆಗೆ ಕೈ ಇಟ್ಟಳು.

"ಕೈ ಯಾಕಮ್ಮಾ ಹಾಗೆ ಕುಣಿಸ್ತೀಯ?" ಎಂದರು ಅವಳ ಅಪ್ಪ.

"ಬರೆಯೋಕೆ ಮುಂಚೆ ಹೀಗೆ ಮಾಡ್ಬೇಕು. ನಮ್ಮ ಮಿಸ್ ಹೀಗೇ ಮಾಡೋದು."

ಎಲ್ಲರೂ ಗೊಳ್ಳೆಂದು ನಕ್ಕರು. ಎರಡನೆಯ ಮಗುವೂ ಕೈ ಅಲ್ಲಾಡಿಸಿತು. ಸ್ವಲ್ಪ ಜನ ನಕ್ಕರು. ಮೂರನೆಯ ಮಗು ಅಲ್ಲಾಡಿಸಿದಾಗ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಅಕ್ಕನ ಬಲಗೈ ಹುಡುಕುತ್ತಿತ್ತು. ಅವಳು ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ಹೊರಡುವಾಗ ಮೇಡಂ ಬಹಳ ಮೆತ್ತಗೆ, "ಈ ತಿಂಗಳು ಕಳೀಲಿ, ಕೂತು ಮಾತಾಡೋಣ" ಎಂದರು. ಯಾವಾಗಲೂ ಗದರುವ ಹೆಂಗಸು ಹಾಗೆ ಮೆತ್ತಗಾದದ್ದು ನನಗೆ ಸರಿಬರಲಿಲ್ಲ.

ಸಂಜೆ ಅಕ್ಕ ರಟ್ಟುಗಳಿಂದ ಅಕ್ಷರಗಳನ್ನೆಲ್ಲ ಕಿತ್ತು ರಾಶಿ ಹಾಕಿದಳು.

"ಡಾಕ್ಟರ ಹತ್ರ ಹೋಗೋಣ ಕಣೆ."

"ಹೋಗೋಣ."

"ಯಾವಾಗ?"

"ಅಪ್ಪನಿಗೆ ಏನಂದ್ರೋ ಅದನ್ನೇ ನನಗೂ ಅನ್ನೋದು. ಅದನ್ನ ಕೇಳೋಕೆ ಅವಸರ ಏನು? ಮೊದಲು ಮಕ್ಕಳ ಕೈ ಸರಿಹೋಗ್ಲಿ. ತಗೋ, ನೀನೇ ಬರಿ."

ನಾನು ಬರೆದೆ. ಅವಳು ಕತ್ತು ಓರೆ ಮಾಡಿ ನೋಡಿದಳು.

"ಇದೇನೋ ಇದು? ರ ನಾ, ಹೊಟ್ಟೆನೋವು ಬಂದ ಹಾವಾ?"

"ದಿನಾ ಗುಂಡಿ ಒತ್ತೋನ ಹತ್ರ ಇನ್ನೇನು ಸಿಗುತ್ತೆ?"

"ಸುಮ್ನೆ ಬರಿ. ತಿರುಗಿಸುವಾಗ ಭುಜ ಸಡಿಲ ಬಿಡು." ಅವಳು ನನ್ನ ಹಿಂದೆ ಬಂದು ನಿಂತು ಕೈ ಮೇಲೆ ಕೈ ಇಟ್ಟಳು. ಗೆರೆ ಮೇಲೇರಿ ಬಲಕ್ಕೆ ತಿರುಗಿತು. ಪೆನ್ಸಿಲಿನ ಮೊನೆ ಕಾಗದದ ಮೇಲೆ ಸಣ್ಣಗೆ ಟಕಟಕ ಎನ್ನತೊಡಗಿತು.

"ಛೆ" ಎಂದು ಅವಳು ಕೈ ತೆಗೆದಳು.

ಟಕಟಕ ನಿಲ್ಲಲಿಲ್ಲ.

ನಾನು ಪೆನ್ಸಿಲ್ ಕೆಳಗಿಟ್ಟೆ. "ನಿನಗೆ ಹೆದರಿಕೆ ಕಣೆ, ಅದಕ್ಕೇ ನನಗೂ" ಎಂದು ಶುರು ಮಾಡಿದ ಮಾತನ್ನು ಮುಗಿಸಲು ಆಗಲಿಲ್ಲ. ಅಕ್ಕ ನನ್ನ ಕೈ ಎತ್ತಿಕೊಂಡು ಬೆರಳು ಬೆರಳನ್ನೂ ಬಿಡಿಸಿ, ಹೊಸದಾಗಿ ಶಾಲೆಗೆ ಸೇರಿದ ಮಗುವಿನ ಕೈಯನ್ನು ನೋಡುವಂತೆ ನೋಡಿದಳು. ಮುಖದಲ್ಲಿ ತಮಾಷೆ ಇರಲಿಲ್ಲ.

"ಎಷ್ಟು ದಿನದಿಂದ?"

"ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ."

"ನಾಳೆ ಅಂಗಡಿಗೆ ರಜೆ ಹೇಳು," ಎಂದಳು. "ಬೆಳಿಗ್ಗೆನೇ ಹೋಗೋಣ. ಇಬ್ಬರೂ."