ದೇವೀರಮ್ಮ ಬಡಿದ ಜೇಡಿಮಣ್ಣು

ಆಲ್ದೂರಿನಿಂದ ಒಳಕ್ಕೆ ಹೋದರೆ ಸಿಗುವ ಷಡಕ್ಷರಿಯವರ ಎಸ್ಟೇಟಿನಲ್ಲಿ ದೇವೀರಮ್ಮ ಮದುವೆಯಾಗಿ ಬಂದ ಲಾಗಾಯ್ತೂ ಕೆಲಸಕ್ಕಿದ್ದಾಳೆ. ವಯಸ್ಸು ಅರವತ್ತರ ಹತ್ತಿರ. ಕಳೆದ ವರ್ಷ ದೊಡ್ಡ ಮಳೆ ಬಿಟ್ಟು ಹೊಳವಾದ ಮೇಲೆ ಗುಡ್ಡದ ಮೇಲಿನ ತೋಟದಲ್ಲಿ ಕಳೆ ತೆಗೆಯುತ್ತಿದ್ದವಳು ಕತ್ತಿ ಕೆಳಗಿಟ್ಟು ನಿಂತುಬಿಟ್ಟಳು. ಅಲ್ಲಿ ಧರೆ ಜಾರಿತ್ತು. ಕುಸಿದ ಕೆಂಪು ಮಣ್ಣಿನಿಂದ ಒಡೆದ ಸಿಮೆಂಟ್ ಚಪ್ಪಡಿಯೊಂದರ ಅಂಚು ಹೊರಗೆ ಚಾಚಿಕೊಂಡಿತ್ತು. ಗಾಳಿಯಲ್ಲಿ ಮುಗ್ಗಲು ವಾಸನೆ.

“ಏನ್ ಮಾರಾಯ್ತಿ, ಹಿಂಗ್ ನಿಂತೆ?” ಎಂದಳು ಜೊತೆಗಿದ್ದ ಮರಿಯಮ್ಮ.

“ಬಿಎಚ್‌ಸಿ. ಆ ವಾಸ್ನೆ ನನ್ ಮೂಗಿಂದ ಇನ್ನೂ ಹೋಗಿಲ್ಲ.”

ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆ ಹಿಂದೆಲ್ಲ ಹಾಕುತ್ತಿದ್ದ ವಿಷದ ಪುಡಿ ಅದು. ಸರ್ಕಾರ ಅದನ್ನು ನಿಲ್ಲಿಸಿದಾಗ ಗೋಡೌನಿನಲ್ಲಿ ಡ್ರಮ್ಮುಗಟ್ಟಲೆ ಉಳಿದಿತ್ತು. ಷಡಕ್ಷರಿಯವರ ತಂದೆ ರುದ್ರಪ್ಪನವರು ಅದನ್ನು ಹಳ್ಳಕ್ಕೆ ಸುರಿಯಲು ಒಪ್ಪಲಿಲ್ಲ. ಗುಡ್ಡದ ಮೇಲೆ ಗುಂಡಿ ತೆಗೆಸಿ, ಗದ್ದೆಯಿಂದ ಜೇಡಿಮಣ್ಣು ಹೊರಿಸಿ, ತಳಕ್ಕೂ ಪಕ್ಕಕ್ಕೂ ಪದರ ಪದರವಾಗಿ ಹಾಕಿಸಿ ದಿಮ್ಮಸಿನಿಂದ ಬಡಿಸಿದರು. ಡ್ರಮ್ಮುಗಳನ್ನು ಇಳಿಸಿ ಮೇಲೆ ಚಪ್ಪಡಿ ಎಳೆಸಿದರು. ಆ ಕೆಲಸದ ಮೇಸ್ತ್ರಿ ದೇವೀರಮ್ಮನ ಗಂಡ ಭೂತಯ್ಯ. ಜೇಡಿ ಬಡಿದ ಹೆಂಗಸರಲ್ಲಿ ಅವಳೂ ಒಬ್ಬಳು. ಭೂತಯ್ಯ ಹೆಬ್ಬೆರಳಿನಿಂದ ಒತ್ತಿ ನೋಡಿ, ಗುಳಿ ಬಿದ್ದರೆ ಇನ್ನೊಂದು ಸಲ ಬಡಿಸುತ್ತಿದ್ದ. ಹೆಂಗಸರು ಅವನನ್ನು ಬೈದುಕೊಂಡೇ ಬಡಿದಿದ್ದರು. ಈಗ ಭೂತಯ್ಯ ಇಲ್ಲ. ಆ ಹೆಂಗಸರಲ್ಲಿ ಎಸ್ಟೇಟಿನಲ್ಲಿ ಉಳಿದವಳು ದೇವೀರಮ್ಮ ಒಬ್ಬಳೇ.

ಗುಂಡಿಯ ಕೆಳಗೆ, ಇಳಿಜಾರಿನಲ್ಲಿ, ಒಂದು ಒರತೆ. ಕೆಲಸದವರು ಇರುವ ಲೈನ್ ಮನೆಗಳಿಗೆ ಪೈಪಿನಲ್ಲಿ ಬರುವುದು ಅದರದೇ ನೀರು. ದೇವೀರಮ್ಮನ ಮನೆಯಲ್ಲಿ ಸೊಸೆ ಕುಸುಮಾ ಹಸಿ ಬಾಣಂತಿ. ಇದು ನೆನಪಾದದ್ದೇ ತಡ, ಅವಳು ಸೆರಗು ಕಟ್ಟಿಕೊಂಡು ಬಂಗಲೆಯ ದಾರಿ ಹಿಡಿದಳು.

“ಅಯ್ಯಾ, ದೊಡ್ಡಯ್ನೋರು ಔಷ್ಧಿ ಹೂಳ್ಸಿದ್ ಗುಂಡಿ ಬಾಯ್ಬಿಟ್ಟೈತೆ. ಲೈನಿಗೆ ನೀರ್ ಬಿಡೋದ್ ನಿಲ್ಲಿಸ್ಬೇಕು.”

ಷಡಕ್ಷರಿಯವರ ಮುಖ ಬಿಳಿಚಿಕೊಂಡಿತು. ತಂದೆ ಏನೋ ಹೂಳಿಸಿದ್ದು ಗೊತ್ತಿತ್ತು. ಎಲ್ಲಿ ಎಂದು ಗೊತ್ತಿರಲಿಲ್ಲ. “ಮೊದ್ಲು ವಾಲ್ವ್ ಬಂದ್ ಮಾಡೋಣ ನಡೀರಿ ದೇವೀರಮ್ಮ. ಆಮೇಲೆ ಸರ್ಕಾರದೋರಿಗೆ ಫೋನ್ ಮಾಡ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಸರ್ಕಾರದ ಕಡೆಯಿಂದ ರೇವತಿ ಎಂಬ ಎಂಜಿನಿಯರ್ ಬಂದರು. ಗುಂಡಿಯ ಮೇಲೆ ಟಾರ್ಪಾಲು ಹೊದಿಸಿ, ಜಾರಿದ ಮಣ್ಣನ್ನೆಲ್ಲ ಒಟ್ಟುಗೂಡಿಸಿ, ಸುತ್ತ ಅಲ್ಲಲ್ಲಿ ಕೊರೆಸಿ ಮಣ್ಣು ತೆಗೆದರು. ಒರತೆಯ ನೀರನ್ನೂ ಬಾಟಲಿಗೆ ತುಂಬಿಕೊಂಡು ಹೋದರು. ಲೈನಿಗೆ ಟ್ಯಾಂಕರ್ ಬರತೊಡಗಿತು.

ಆ ದಿನಗಳಲ್ಲಿ ದೇವೀರಮ್ಮ ತಟ್ಟೆಯ ಅನ್ನ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು, ರಾತ್ರಿ ನಿದ್ದೆಯೂ ಹತ್ತುತ್ತಿರಲಿಲ್ಲ. ಮುಂದಿನದಕ್ಕೇನೋ ಟ್ಯಾಂಕರ್ ಇದೆ, ಇಷ್ಟು ವರ್ಷ ಕುಡಿದದ್ದು? ಯಾವುದೋ ಮೂಲೆಯಲ್ಲಿ ತಾವು ಜೇಡಿಗೆ ಕೊಟ್ಟ ಪೆಟ್ಟು ಸಡಿಲವಾಗಿದ್ದರೆ? ಮಗುವಿಗೆ ನೀರು ಹಾಕಲು ಕಾಲ ಮೇಲೆ ಮಲಗಿಸಿಕೊಂಡಾಗ ಅದರ ಮೈಯನ್ನೆಲ್ಲ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. “ಅತ್ತೆ, ಸುಮ್ನಿರಿ, ಕೂಸು ಚೆನ್ನಾಗೈತೆ,” ಎನ್ನುತ್ತಿದ್ದ ಕುಸುಮಳ ದನಿಯೂ ಅಳುಕುತ್ತಿತ್ತು.

ಫಲಿತಾಂಶ ಹೇಳಲು ರೇವತಿ ತಾವೇ ಲೈನಿನ ಅಂಗಳಕ್ಕೆ ಬಂದರು.

“ಒರತೆ ನೀರಲ್ಲಿ ಏನೂ ಇಲ್ಲ ಅಮ್ಮ. ಡ್ರಮ್ಮುಗಳು ತುಕ್ಕು ಹಿಡಿದು ತೂತಾಗಿವೆ, ಪುಡಿ ಹೊರಗೆ ಬಂದಿದೆ. ಆದ್ರೆ ಜೇಡಿ ಅದನ್ನ ಅಲ್ಲೇ ಹಿಡ್ಕೊಂಡಿದೆ. ಒಳಮೈ ಒಂದು ಗೇಣಷ್ಟು ಕೆಟ್ಟಿದೆ, ಆಚೆ ಮಣ್ಣು ಚೊಕ್ಕವಾಗಿದೆ.”

ದೇವೀರಮ್ಮ ಜಗಲಿಯ ಮೇಲೆ ಕೂತಳು. “ನಮ್ಮನೆಯೋರು ಬಡ್ಸಿದ್ದು ಅದು,” ಎಂದಳು.

ಆದರೂ ಅದನ್ನು ಅಲ್ಲೇ ಬಿಡುವಂತಿರಲಿಲ್ಲ. ಧರೆ ಮತ್ತೆ ಜಾರಿದರೆ ಜೇಡಿಯೂ ಸೀಳಿಹೋಗುತ್ತದೆ. ಎಲ್ಲವನ್ನೂ ತೆಗೆದು, ಇಂಥ ವಿಷಕ್ಕೆಂದೇ ಕಟ್ಟಿದ ಜಾಗಕ್ಕೆ ಸಾಗಿಸುತ್ತೇವೆ ಎಂದರು ರೇವತಿ.

“ತಗೊಂಡೋಗಿ ಇನ್ನೊಬ್ರ ನೀರಿನ್ ಮೇಲೆ ಇಡ್ತೀರಾ?” ದೇವೀರಮ್ಮ ನೇರವಾಗಿಯೇ ಕೇಳಿದಳು.

ರೇವತಿ ಅವಳ ಪಕ್ಕ ಕೂತು ವಿವರಿಸಿದರು. ಅಲ್ಲಿಯೂ ತಳದಲ್ಲಿ ಬಡಿದ ಜೇಡಿಯೇ. ಅದರ ಮೇಲೆ ಬೆಸೆದ ದಪ್ಪ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಜಲ್ಲಿ, ಜಲ್ಲಿಯೊಳಗೆ ಪೈಪು. ಇಳಿದ ನೀರೆಲ್ಲ ಒಂದೇ ಕಡೆ ಸೇರಿ ಹೊರಗೆ ಬರುತ್ತದೆ, ಅದನ್ನು ಶುದ್ಧ ಮಾಡುತ್ತಾರೆ. ತುಂಬಿದ ಮೇಲೆ ಮಳೆ ಇಳಿಯದ ಹಾಗೆ ಮುಚ್ಚಿಗೆ. ಸುತ್ತ ಕೊಳವೆಬಾವಿ ಕೊರೆದು ನೀರು ನೋಡುತ್ತಲೇ ಇರುತ್ತಾರೆ.

“ಒಂದು ಕೈಕೊಟ್ರೆ ಇನ್ನೊಂದು ತಡೀಬೇಕು, ಅದಕ್ಕೇ ಇಷ್ಟೆಲ್ಲ.”

“ನೋಡೋರು ಮುಂದೂ ಇರ್ತಾರಲ್ಲ?”

“ಇರ್ಬೇಕು ಅಮ್ಮ. ಅದು ಕಾನೂನು.”

“ಹಂಗಾದ್ರೆ ತಗೊಂಡೋಗಿ,” ಎಂದಳು ದೇವೀರಮ್ಮ.

ಮೈತುಂಬ ಬಿಳಿ ಉಡುಪು, ಮುಖಕ್ಕೆ ಮುಸುಕು ತೊಟ್ಟವರು ಬಂದು ಪುಡಿಯನ್ನೂ ಕೆಟ್ಟ ಜೇಡಿಯನ್ನೂ ಹೊಸ ಡ್ರಮ್ಮುಗಳಿಗೆ ತುಂಬಿದರು. ಲಾರಿ ನಿಧಾನವಾಗಿ ತಿರುವು ದಾಟಿ ಮರೆಯಾಗುವವರೆಗೂ ಲೈನಿನವರೆಲ್ಲ ರಸ್ತೆಬದಿಯಲ್ಲಿ ನಿಂತು ನೋಡಿದರು. ನೀರನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಿದ ಮೇಲೆ ಷಡಕ್ಷರಿಯವರು ತಾವೇ ವಾಲ್ವ್ ತಿರುಗಿಸಿದರು. ಎಲ್ಲರೆದುರು ಮೊದಲ ಬೊಗಸೆ ನೀರನ್ನು ತಾವೇ ಕುಡಿದು, “ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಟೆಸ್ಟ್ ಮಾಡಿಸ್ತೀನಿ,” ಎಂದರು.

ಆವತ್ತು ದೇವೀರಮ್ಮ ಎರಡು ಸಲ ಅನ್ನ ಬಡಿಸಿಕೊಂಡಳು. ಹಗಲು ಮಲಗುವ ಜಾಯಮಾನದವಳಲ್ಲ. ಆದರೂ ತೊಟ್ಟಿಲ ಪಕ್ಕ ಚಾಪೆ ಹಾಸಿಕೊಂಡು ಒರಗಿದ್ದಷ್ಟೇ ನೆನಪು. ಕಾಫಿ ಲೋಟ ಹಿಡಿದು ಕುಸುಮಾ ಎಬ್ಬಿಸಿದಾಗ ಬಿಸಿಲು ಅಂಗಳ ಬಿಟ್ಟು ಹೋಗಿತ್ತು.