ಎಡಗೈಯಲ್ಲಿದ್ದ ಮಗು

"ತಾತ, ಕೈ ಬಿಡಿ, ನೋಯ್ತಿದೆ!" ಬಳೇಪೇಟೆಯ ರಸ್ತೆ ದಾಟಿದೊಡನೆ ಈ ದನಿ ಕೇಳಿ ಬಗ್ಗಿ ನೋಡಿದೆ. ನನ್ನ ಎಡಗೈಯಲ್ಲಿದ್ದದ್ದು ಯಾರದೋ ಮಗು. ಬಲಗೈಯಲ್ಲಿ ಮೊಮ್ಮಗನಿದ್ದ. ಆರು ವರ್ಷದ ಮೊಮ್ಮಗಳು ಪುಟ್ಟಿ ಇರಲಿಲ್ಲ.

ಬೆಂಗಳೂರು ದುಬಾರಿ ಊರೆಂದು ಛತ್ರದಲ್ಲಿ ಉಳಿದು, ಆಟೊ ಹತ್ತದೆ, ಬೆಳಿಗ್ಗೆಯಿಂದ ಮಕ್ಕಳನ್ನು ನಡೆಸಿಕೊಂಡೇ ತಿರುಗಾಡಿಸುತ್ತಿದ್ದೆ. ಚೀಲವನ್ನು ಹೆಗಲಿಗೇರಿಸಲು ಪುಟ್ಟಿಯ ಕೈ ಬಿಟ್ಟವನು, ನೋಡದೆಯೇ ಪಕ್ಕದಲ್ಲಿದ್ದ ಪುಟ್ಟ ಕೈಯೊಂದನ್ನು ಹಿಡಿದು ಸರಸರನೆ ದಾಟಿಬಿಟ್ಟಿದ್ದೆ.

ಆ ಮಗುವಿನ ತಾಯಿ ತಳ್ಳುಗಾಡಿಗಳ ನಡುವೆ ನುಗ್ಗಿ ಬಂದರು. "ಯಾರ್ರೀ ನೀವು? ಮಗೂನ ಎಲ್ಲಿಗೆ ಎಳ್ಕೊಂಡು ಹೋಗ್ತಿದೀರಾ?" ಜನ ಸೇರಿದರು. "ನನ್ನ ಮೊಮ್ಮಗಳು..." ಎಂದು ರಸ್ತೆಯ ಆಚೆ ಬದಿಗೆ ಕೈ ತೋರಿಸಿದೆ. ಆ ತಾಯಿಯ ದನಿ ಬದಲಾಯಿತು.

"ಅಯ್ಯೋ, ಯಾವ ಬಣ್ಣದ ಫ್ರಾಕು? ಬೇಗ ಹೇಳಿ!"

ಬೆಳಿಗ್ಗೆ ಮಡಿಕೆ ಬಿಡಿಸಿ ನಾನೇ ತೊಡಿಸಿದ್ದ ಫ್ರಾಕು. ಬಣ್ಣ ನೆನಪಾಗಲಿಲ್ಲ. "ಹಳದಿ!" ಎಂದು ಮೊಮ್ಮಗನೇ ಕೂಗಿದ.

ಆ ತಾಯಿ ನಮ್ಮೆಲ್ಲರನ್ನೂ ಕರೆದುಕೊಂಡು ಮತ್ತೆ ರಸ್ತೆ ದಾಟಿದರು. ಪುಟ್ಟಿ ಬಳೆ ಅಂಗಡಿಯೊಂದರ ಮೆಟ್ಟಿಲ ಮೇಲೆ, ನಡೆದು ನಡೆದು ಕಿತ್ತುಹೋದ ಚಪ್ಪಲಿಯನ್ನು ಎದೆಗವಚಿಕೊಂಡು ಕುಳಿತಿದ್ದಳು. ಅಲ್ಲಿಯವರೆಗೆ ಅಳದಿದ್ದವಳು ನನ್ನನ್ನು ಕಂಡು ಅತ್ತಳು. ನಾನೂ ಅತ್ತೆ.

"ಅಮ್ಮಂಗೆ ಹೇಳ್ಬೇಡ ತಾತ, ಇನ್ಮೇಲೆ ನಿನ್ ಜೊತೆ ಕಳ್ಸಲ್ಲ" ಎಂದು ಮಕ್ಕಳಿಬ್ಬರೂ ನನ್ನಿಂದ ಮಾತು ತೆಗೆದುಕೊಂಡರು. ಅಂದಿನಿಂದ ಮಗಳು ಫೋನ್ ಮಾಡಿದಾಗಲೆಲ್ಲ ಏನಾದರೊಂದು ನೆಪ ಹೇಳಿ ಬೇಗ ಇಟ್ಟುಬಿಡುತ್ತೇನೆ. ನಾನಿದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆ ಅವಳ ಮನೆಗೂ ಬರುತ್ತದೆ. ಓದಲಿ, ಬೈಯಲಿ.